ಪಿಎಸ್2 ಆಟಗಳಿಗೆ ಯಾವ ಲ್ಯಾಪ್‌ಟಾಪ್? ಮೂರರಲ್ಲಿ ಆಡಿ ನೋಡಿದ್ದು

ಮನೆಗೆ ಹೊಸ ಟಿವಿ ಬಂದ ದಿನ ಆಟದ ಕನ್ಸೋಲ್ ಪ್ಲೇಸ್ಟೇಷನ್ 2 (ಪಿಎಸ್2) ಅಟ್ಟ ಸೇರಿತು. ಟಿವಿಯ ಹಿಂದೆ ಕೆಂಪು, ಬಿಳಿ, ಹಳದಿ ಪಿನ್ನು ಚುಚ್ಚಲು ಜಾಗವೇ ಇರಲಿಲ್ಲ. ಡಿಸ್ಕ್‌ಗಳು ಮಾತ್ರ ಬಿಸ್ಕತ್ ಡಬ್ಬದಲ್ಲಿ ಭದ್ರವಾಗಿದ್ದವು. ನಾನು, ನನ್ನ ತಮ್ಮ ಬೇಸಿಗೆ ರಜೆಯಿಡೀ ಕ್ರಿಕೆಟ್ 07 ಆಡಿಕೊಂಡು ಬೆಳೆದವರು. ಈಗ ಅವನು ಮಂಡ್ಯದಲ್ಲಿ, ನಾನು ಮೈಸೂರಿನಲ್ಲಿ. ಆ ಡಿಸ್ಕ್‌ಗಳನ್ನು ಮತ್ತೆ ಆಡಬೇಕು ಅನ್ನುವ ಆಸೆ ಇಬ್ಬರಿಗೂ ಇತ್ತು. ಲ್ಯಾಪ್‌ಟಾಪ್ ಹೇಗೂ ಬದಲಿಸಬೇಕಿತ್ತು. ಎಮ್ಯುಲೇಟರ್, ಅಂದರೆ ಹಳೆಯ ಕನ್ಸೋಲ್‌ನ ಹಾಗೆ ವರ್ತಿಸಿ ಅದರ ಆಟಗಳನ್ನು ಕಂಪ್ಯೂಟರ್‌ನಲ್ಲಿ ನಡೆಸುವ ತಂತ್ರಾಂಶ, ಚೆನ್ನಾಗಿ ಓಡುವಂಥದ್ದನ್ನೇ ನೋಡೋಣ ಅಂತ ಹೊರಟೆ.

ದೇವರಾಜ ಅರಸು ರಸ್ತೆಯ ಅಂಗಡಿಯಲ್ಲಿ ಹುಡುಗ ಒಂದೇ ಮಾತು ಹೇಳಿದ: "ಗೇಮಿಂಗ್ ಅಂದ್ರೆ ಗ್ರಾಫಿಕ್ಸ್ ಕಾರ್ಡ್ ಇರೋದೇ ತಗೊಳ್ಳಿ ಸಾರ್." ಕಂಪ್ಯೂಟರ್ ಆಟಗಳಿಗೆ ಆ ಮಾತು ಸರಿ. ಎಮ್ಯುಲೇಟರ್‌ಗೆ ಅದು ಅರ್ಧ ಮಾತು. ಅದಕ್ಕೇ ದುಡ್ಡು ಕೊಡುವ ಮೊದಲು ಮನೆಯವರದ್ದು, ನೆಂಟರದ್ದು, ಗೆಳೆಯನದ್ದು ಅಂತ ಮೂರು ಲ್ಯಾಪ್‌ಟಾಪ್‌ಗಳಲ್ಲಿ ಅವೇ ಆಟಗಳನ್ನು ಆಡಿ ನೋಡಿದೆ.

ಪಿಎಸ್2 ಬಂದದ್ದು 2000ದಲ್ಲಿ. ಅದರ ಮುಖ್ಯ ಚಿಪ್ ಎಮೋಷನ್ ಎಂಜಿನ್ ಓಡುತ್ತಿದ್ದದ್ದು ಹೆಚ್ಚುಕಡಿಮೆ 300 ಮೆಗಾಹರ್ಟ್ಸ್‌ನಲ್ಲಿ. ಈಗಿನ ಲ್ಯಾಪ್‌ಟಾಪ್‌ಗಳು 4,000 ದಾಟುತ್ತವೆ. ಆದರೂ ಯಾಕೆ ಒದ್ದಾಡುತ್ತವೆ? ಆ ಚಿಪ್‌ಗಾಗಿ ಬರೆದ ಪ್ರತಿ ಆದೇಶವನ್ನೂ ಎಮ್ಯುಲೇಟರ್ ಆಟ ನಡೆಯುತ್ತಿರುವಾಗಲೇ ನಮ್ಮ ಚಿಪ್‌ನ ಭಾಷೆಗೆ ತಿರುಗಿಸಬೇಕು. ಜೊತೆಗೆ ಲೆಕ್ಕ ಮಾಡುವ ಎರಡು ವೆಕ್ಟರ್ ಘಟಕ, ಚಿತ್ರದ ಚಿಪ್, ಸದ್ದಿನ ಚಿಪ್, ಎಲ್ಲವನ್ನೂ ಹೆಜ್ಜೆ ತಪ್ಪದ ಹಾಗೆ ನಡೆಸಬೇಕು. ಈ ಕೆಲಸವನ್ನು ಚಿಪ್‌ನೊಳಗಿನ ಎಂಟು ಕೋರ್‌ಗೆ (ಲೆಕ್ಕ ಮಾಡುವ ಘಟಕಗಳಿಗೆ) ಹಂಚಲು ಆಗುವುದಿಲ್ಲ. ಪಿಎಸ್2ರ ಎಮ್ಯುಲೇಟರ್ ಪಿಸಿಎಸ್‌ಎಕ್ಸ್2ರಲ್ಲಿ ಮುಖ್ಯ ಭಾರ ಬೀಳುವುದು ಎರಡು ಮೂರು ಥ್ರೆಡ್‌ಗಳ (ಕೆಲಸದ ಎಳೆಗಳ) ಮೇಲೆ. ನಮ್ಮ ಮಂಡ್ಯದ ಕಡೆ ಆಲೆಮನೆಯಲ್ಲಿ ಗಾಣಕ್ಕೆ ಕಬ್ಬು ಕೊಡಲು ಎಷ್ಟೇ ಆಳುಗಳಿದ್ದರೂ ಕೊಪ್ಪರಿಗೆ ಮುಂದೆ ನಿಂತು ಪಾಕದ ಹದ ನೋಡುವವನು ಒಬ್ಬನೇ. ಇಲ್ಲಿ ಬೇಕಾಗಿರುವುದು ಆ ಒಬ್ಬನ ಚುರುಕು.

ಇನ್ನೊಂದು ವಿಷಯ. ಕಂಪ್ಯೂಟರ್ ಆಟದಲ್ಲಿ ಶಕ್ತಿ ಸಾಲದಿದ್ದರೆ ಚಿತ್ರ ಸ್ವಲ್ಪ ತಡೆತಡೆದು ಬರುತ್ತದೆ, ಅಷ್ಟೆ. ಎಮ್ಯುಲೇಟರ್‌ನಲ್ಲಿ ಆಟವೇ ನಿಧಾನವಾಗುತ್ತದೆ. ಬ್ಯಾಟರಿ ಇಳಿದ ಟೇಪ್ ರೆಕಾರ್ಡರ್ ಹಾಗೆ ಸಂಗೀತ ಎಳೆಯುತ್ತದೆ. ಹಾಗಾಗಿ ಸರಾಸರಿ ವೇಗ ನೋಡಬೇಡಿ. ಆಟದ ಅತಿ ಭಾರದ ಜಾಗದಲ್ಲಿ ಏನಾಗುತ್ತದೆ ಅಂತ ನೋಡಿ.

ಮೊದಲನೆಯದು ಹೆಂಡತಿಯ ಲ್ಯಾಪ್‌ಟಾಪ್. ರೈಜೆನ್ 5 5500ಯು, 8 ಜಿಬಿ ರ‍್ಯಾಮ್. ಈ ಚಿಪ್‌ನ ಹೆಸರು 5000ದ ಸಾಲಿನದ್ದಾದರೂ ಒಳಗಿರುವುದು ಹಿಂದಿನ ಪೀಳಿಗೆಯ ಝೆನ್ 2 ಕೋರ್. ಆರು ಕೋರ್ ಇವೆ, ಆದರೆ ಒಂದೊಂದರ ಚುರುಕು ಹೊಸ ಚಿಪ್‌ಗಳಷ್ಟಿಲ್ಲ. ಪಿಎಸ್2ರ ಮೂಲ ಚಿತ್ರಗಾತ್ರದಲ್ಲಿ (ರೆಸಲ್ಯೂಶನ್) ಕ್ರಿಕೆಟ್ 07 ಸಲೀಸಾಗಿ ಓಡಿತು. ಚಿತ್ರ ಮಂಕಾಗಿದೆ ಅಂತ ಗಾತ್ರವನ್ನು ಮೂರು ಪಟ್ಟು ಮಾಡಿದೆ, ಅಂದರೆ ಸುಮಾರು 1080ಪಿ. ಫೀಲ್ಡರ್‌ಗಳು ನೀರಿನಲ್ಲಿ ನಡೆಯುವ ಹಾಗಾಯಿತು. ಚಿಪ್ ಸಾಲದು ಅಂದುಕೊಂಡೆ. ಕೊರತೆ ಇದ್ದದ್ದು ರ‍್ಯಾಮ್‌ನಲ್ಲಿ. 8 ಜಿಬಿಯ ಒಂದೇ ಪಟ್ಟಿ ಹಾಕಿದ್ದರು, ಪಕ್ಕದ ಜಾಗ ಖಾಲಿ ಇತ್ತು. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಲ್ಯಾಪ್‌ಟಾಪ್‌ನಲ್ಲಿ ಚಿತ್ರದ ಕೆಲಸವೂ ಇದೇ ರ‍್ಯಾಮ್ ಮೂಲಕ ನಡೆಯಬೇಕು. ಒಂದು ಪಟ್ಟಿ ಅಂದರೆ ಒಂದೇ ದಾರಿ. ಇನ್ನೊಂದು 8 ಜಿಬಿ ಹಾಕಿಸಿದ ಮೇಲೆ ಎರಡು ಪಟ್ಟು ಗಾತ್ರದಲ್ಲಿ ಆರಾಮಾಗಿ ಆಡಲು ಬಂತು. ಈಗಾಗಲೇ ಇಂಥ ಲ್ಯಾಪ್‌ಟಾಪ್ ಇರುವವರು ಹೊಸದು ಕೊಳ್ಳುವ ಮೊದಲು ಇದನ್ನು ಮಾಡಿ ನೋಡಿ. ಆದರೆ ಶ್ಯಾಡೋ ಆಫ್ ದ ಕೊಲಾಸಸ್‌ನಲ್ಲಿ ದೊಡ್ಡ ಮೃಗ ಎದುರು ಬಂದಾಗ ರ‍್ಯಾಮ್ ಹಾಕಿಸಿದರೂ ವೇಗ ಕುಸಿಯಿತು. ಅದು ಕೋರ್‌ನ ಮಿತಿ. ಅದಕ್ಕೆ ಮದ್ದಿಲ್ಲ.

ಎರಡನೆಯದು ಕುವೆಂಪುನಗರದಲ್ಲಿರುವ ಅಕ್ಕನ ಮಗನದ್ದು. ಇಂಜಿನಿಯರಿಂಗ್ ಓದುತ್ತಿದ್ದಾನೆ. ಕೋರ್ ಐ5-12450ಎಚ್, ಜೊತೆಗೆ 4 ಜಿಬಿಯ ಆರ್‌ಟಿಎಕ್ಸ್ 3050 ಗ್ರಾಫಿಕ್ಸ್ ಕಾರ್ಡ್. ಅಂಗಡಿಯ ಹುಡುಗ ಹೇಳಿದ್ದು ಇಂಥದ್ದನ್ನೇ. ಮೊದಲು ಆಡಿದಾಗ ನಿರೀಕ್ಷೆಯಷ್ಟು ಓಡಲಿಲ್ಲ. "ಮಾಮ, ಇದು ಕಾರ್ಡೇ ಬಳಸ್ತಿಲ್ಲ ನೋಡಿ" ಅಂದ ಅವನೇ. ಎಮ್ಯುಲೇಟರ್ ಚಿಪ್‌ನೊಳಗಿನ ಸಣ್ಣ ಗ್ರಾಫಿಕ್ಸ್ ಹಿಡಿದುಕೊಂಡಿತ್ತು. ಸೆಟ್ಟಿಂಗ್‌ನಲ್ಲಿ ಕಾರ್ಡ್ ಆರಿಸಿ, ಚಿತ್ರ ಬಿಡಿಸುವ ವಿಧಾನವನ್ನು ವಲ್ಕನ್‌ಗೆ ಬದಲಿಸಿದ ಮೇಲೆ ಪಿಎಸ್2 ಆಟಗಳು ನಾಲ್ಕು ಪಟ್ಟಿನಲ್ಲೂ ಜಗ್ಗಲಿಲ್ಲ. ಕೊಲಾಸಸ್ ಕೂಡ ನಯವಾಗಿ ಓಡಿತು. ಅದನ್ನು ಗೆಲ್ಲಿಸಿದ್ದರಲ್ಲಿ ಕಾರ್ಡಿನಷ್ಟೇ ಪಾಲು ಆ ಚಿಪ್‌ನ ನಾಲ್ಕು ವೇಗದ ಕೋರ್‌ಗಳದ್ದು.

ತೊಂದರೆ ಬೇರೆ ಕಡೆ ಇತ್ತು. ಏಪ್ರಿಲ್ ತಿಂಗಳು, ಮಹಡಿ ಮೇಲಿನ ರೂಮು. ಅರ್ಧ ಗಂಟೆಯಲ್ಲಿ ಕೀಬೋರ್ಡ್ ಮೇಲೆ ಕೈ ಇಡಲು ಆಗಲಿಲ್ಲ. ಕೆಳಗಿನಿಂದ ಅಕ್ಕ, "ಏನೋ ಅದು, ಮಿಕ್ಸಿ ಹಾಕಿದ ಹಾಗೆ ಸದ್ದು?" ಅಂತ ಕೂಗಿದಳು. ಅಷ್ಟರಲ್ಲಿ ಕರೆಂಟ್ ಹೋಯಿತು. ಬ್ಯಾಟರಿಗೆ ಬಂದ ಕೂಡಲೇ ವೇಗ ಬಿದ್ದುಹೋಯಿತು. ಕಾರ್ಡ್ ಇರುವ ಲ್ಯಾಪ್‌ಟಾಪ್‌ಗಳು ಪೂರ್ತಿ ಶಕ್ತಿ ತೋರಿಸುವುದು ಪ್ಲಗ್‌ನಲ್ಲಿದ್ದಾಗ ಮಾತ್ರ. ಆರ್‌ಟಿಎಕ್ಸ್ 3050 ಎಂಬ ಒಂದೇ ಹೆಸರಿನಲ್ಲಿ 35 ವಾಟ್‌ನದ್ದೂ ಸಿಗುತ್ತದೆ, 80 ವಾಟ್‌ನದ್ದೂ ಸಿಗುತ್ತದೆ. ಕೊಳ್ಳುವಾಗ ಅದನ್ನು ಕೇಳಲೇಬೇಕು.

ಮೂರನೆಯದು ಗೆಳೆಯನದ್ದು. ರೈಜೆನ್ 7 7840ಎಚ್‌ಎಸ್, 32 ಜಿಬಿ ಡಿಡಿಆರ್5. ಬೇರೆ ಕಾರ್ಡ್ ಇಲ್ಲ, ಚಿಪ್‌ನಲ್ಲೇ ಇರುವ ರೇಡಿಯಾನ್ 780ಎಂ ಅಷ್ಟೆ. ಪಿಎಸ್2 ಮೂರು ಪಟ್ಟಿನಲ್ಲಿ ತಡವರಿಸಲಿಲ್ಲ. ನಾಲ್ಕಕ್ಕೆ ಏರಿಸಿದಾಗ ಅಲ್ಲಲ್ಲಿ ಭಾರ ಅನ್ನಿಸಿತು. 15 ಇಂಚಿನ ಪರದೆಯಲ್ಲಿ ಮೂರಕ್ಕೂ ನಾಲ್ಕಕ್ಕೂ ನನ್ನ ಕಣ್ಣಿಗೆ ವ್ಯತ್ಯಾಸ ಕಾಣಲಿಲ್ಲ. ಪ್ಲಗ್ ಕಿತ್ತು ನೋಡಿದೆ. ಸ್ವಲ್ಪ ಇಳಿಯಿತು, ಆದರೆ ಆಟ ನಿಲ್ಲಲಿಲ್ಲ.

ಮೂರು ಲ್ಯಾಪ್‌ಟಾಪ್‌ಗಳಿಗೂ ನಿಜವಾದ ಪರೀಕ್ಷೆ ಪಿಎಸ್3. 2006ರ ಆ ಕನ್ಸೋಲ್‌ನ ಸೆಲ್ ಚಿಪ್ ಬೇರೆ ಥರ. ಒಂದು ಮುಖ್ಯ ಕೋರ್, ಜೊತೆಗೆ ಆಟಗಳ ಕೈಗೆ ಸಿಗುವ ಆರು ಸಹಾಯಕ ಕೋರ್. ಇಲ್ಲಿ ಆಲೆಮನೆಯ ಲೆಕ್ಕ ತಿರುಗುಮುರುಗು. ಆಳುಗಳು ಜಾಸ್ತಿ ಇದ್ದಷ್ಟೂ ಕೆಲಸ ಹಗುರ. ಪಿಎಸ್3ರ ಎಮ್ಯುಲೇಟರ್ ಆರ್‌ಪಿಸಿಎಸ್3ರಲ್ಲಿ ಹೊಸ ಆಟ ಮೊದಲ ಸಲ ತೆರೆದಾಗ ಅದರ ಕೋಡನ್ನೆಲ್ಲ ತಿರುಗಿಸಿ ಇಟ್ಟುಕೊಳ್ಳುತ್ತದೆ. ಹೆಂಡತಿಯ ಲ್ಯಾಪ್‌ಟಾಪ್‌ನಲ್ಲಿ ಅದು ಮುಗಿಯುವಷ್ಟರಲ್ಲಿ ಕಾಫಿ ಕುಡಿದು ಲೋಟ ತೊಳೆದಿಟ್ಟು ಬಂದಿದ್ದೆ. ಡೀಮನ್ಸ್ ಸೋಲ್ಸ್ ಅದರಲ್ಲಿ ಆಡುವ ಹಾಗಿರಲಿಲ್ಲ. ಐ5 ಪರವಾಗಿಲ್ಲ, ಚೆನ್ನಾಗೇ ನಡೆಸಿತು. ಎಂಟು ಸಮಾನ ಕೋರ್‌ನ 7840ಎಚ್‌ಎಸ್ ಅದನ್ನೂ ಮೀರಿಸಿತು. ಅದರಲ್ಲಿರುವ, ಒಮ್ಮೆಗೇ ಹಲವು ಲೆಕ್ಕ ಮಾಡಿಸುವ ಎವಿಎಕ್ಸ್-512 ಆದೇಶಗಳನ್ನು ಆರ್‌ಪಿಸಿಎಸ್3 ಚೆನ್ನಾಗಿ ಬಳಸಿಕೊಳ್ಳುತ್ತದೆ. ಆ ಐ5ನಲ್ಲಿ ಅವು ಇಲ್ಲ. ದ ಲಾಸ್ಟ್ ಆಫ್ ಅಸ್ ಮಾತ್ರ ಮೂರರಲ್ಲೂ ಕಷ್ಟಪಟ್ಟಿತು. ಆ ಒಂದು ಆಟಕ್ಕಾಗಿ ಲ್ಯಾಪ್‌ಟಾಪ್ ಕೊಳ್ಳಬೇಡಿ ಅಂತಲೇ ಹೇಳುತ್ತೇನೆ.

ಪಿಎಸ್1, ಪಿಎಸ್‌ಪಿ ಆಟ ಸಾಕು ಅನ್ನುವವರು ಇಷ್ಟೆಲ್ಲ ತಲೆ ಕೆಡಿಸಿಕೊಳ್ಳಬೇಕಿಲ್ಲ. ಮನೆಯಲ್ಲಿರುವ ಹಳೆಯದೇ ಸಾಕು. ನಿಂಟೆಂಡೊದ ಗೇಮ್‌ಕ್ಯೂಬ್, ವೀ ಆಟಗಳನ್ನು ಡಾಲ್ಫಿನ್ ಎಮ್ಯುಲೇಟರ್‌ನಲ್ಲಿ ಮೂರೂ ನಡೆಸಿದವು. ಪಿಎಸ್2 ಚೆನ್ನಾಗಿ ಬೇಕು, ಕಂಪ್ಯೂಟರ್‌ನ ಹೊಸ ಆಟಗಳೂ ಬೇಕು, ಯಾವಾಗಲೂ ಪ್ಲಗ್ ಪಕ್ಕದಲ್ಲೇ ಕೂರುತ್ತೀರಿ ಅನ್ನುವುದಾದರೆ ಎರಡನೆಯ ಥರದ್ದೇ ಸರಿ. ನಾನು ಮೂರನೆಯ ಥರದ್ದು ತೆಗೆದುಕೊಂಡೆ, 16 ಜಿಬಿಯದ್ದು. ಕೆಲವದರಲ್ಲಿ ರ‍್ಯಾಮ್ ಬೋರ್ಡಿಗೇ ಬೆಸೆದಿರುತ್ತದೆ, ಆಮೇಲೆ ಹೆಚ್ಚಿಸಲು ಬರುವುದಿಲ್ಲ. ಅದನ್ನು ವಿಚಾರಿಸಿಯೇ ದುಡ್ಡು ಕೊಟ್ಟೆ.

ಡಿಸ್ಕ್ ಓದಲು ಯುಎಸ್‌ಬಿ ಡಿವಿಡಿ ಡ್ರೈವ್ ಒಂದು ಬೇಕು. ಪಿಎಸ್2 ಡಿಸ್ಕ್‌ಗಳನ್ನು ಸಾಮಾನ್ಯ ಡ್ರೈವೇ ಓದುತ್ತದೆ. ಪಿಎಸ್3 ಡಿಸ್ಕ್‌ಗೆ ಬ್ಲೂ-ರೇ ಡ್ರೈವ್ ಬೇಕು, ಅದರಲ್ಲೂ ಎಲ್ಲ ಡ್ರೈವ್‌ಗಳೂ ಓದುವುದಿಲ್ಲ. ಎಮ್ಯುಲೇಟರ್‌ಗೆ ಬೇಕಾದ ಬಯಾಸ್ ಫೈಲನ್ನು (ಕನ್ಸೋಲ್ ಚಾಲೂ ಮಾಡುವ ಮೂಲ ತಂತ್ರಾಂಶ) ಅಟ್ಟದಿಂದ ಇಳಿಸಿದ ನಮ್ಮ ಪಿಎಸ್2ರಿಂದಲೇ ತೆಗೆದುಕೊಂಡೆ.

ಕಳೆದ ಭಾನುವಾರ ತಮ್ಮ ಮಂಡ್ಯದಿಂದ ಬಂದ. ಲ್ಯಾಪ್‌ಟಾಪನ್ನು ಎಚ್‌ಡಿಎಂಐ ತಂತಿಯಲ್ಲಿ ಆ ಹೊಸ ಟಿವಿಗೇ ಸೇರಿಸಿದೆ. ಮೂಲೆಯಲ್ಲಿ ಸೆಕೆಂಡಿಗೆ ಎಷ್ಟು ಚಿತ್ರ ಅನ್ನುವ ಅಂಕಿ ನೋಡಿ, "ಅಣ್ಣ, 50ಕ್ಕೇ ನಿಂತುಬಿಟ್ಟಿದೆಯಲ್ಲ, 60 ಬರಲ್ವಾ?" ಅಂದ. "ನಮ್ಮದು ಪಾಲ್ ಡಿಸ್ಕ್ ಕಣೋ, ನಮ್ಮ ಕಡೆಯ ಹಳೆ ಟಿವಿ ಪದ್ಧತಿಯದ್ದು, 50 ಅಂದ್ರೆ ಪೂರ್ತಿ ವೇಗ" ಅಂದೆ. ಅವನು ಆಗಲೇ ಟಾಸ್ ಗೆದ್ದು ಬ್ಯಾಟಿಂಗ್ ಆರಿಸಿಕೊಂಡಿದ್ದ.