ನಿವೃತ್ತಿಯ ದಿನಕ್ಕೆ ಹಾವೇರಿ ಏಲಕ್ಕಿ ಹಾರ: ತರಿಸುವ ಮುನ್ನ

ಮೂವತ್ತು ವರ್ಷ ಟಪಾಲು ಶಾಖೆಯಲ್ಲಿ ಆವಕ-ಜಾವಕ ನೋಡಿಕೊಂಡವರು, ಯಾವ ಕಡತ ಯಾವ ಕಟ್ಟಿನಲ್ಲಿದೆ ಎಂದು ಕೂತಲ್ಲಿಂದಲೇ ಹೇಳುವವರು, ಕಚೇರಿ ಸಮಾರಂಭದಲ್ಲಿ ವೇದಿಕೆ ಹತ್ತುವುದು ಕುರ್ಚಿ ಜೋಡಿಸಲು, ಮೈಕ್ ಸರಿಪಡಿಸಲು. ನಡುವಿನ ಕುರ್ಚಿ ಅವರಿಗೆ ಸಿಗುವುದು ಬೀಳ್ಕೊಡುಗೆಯ ದಿನ ಮಾತ್ರ. ಆ ದಿನಕ್ಕೆ ಹಾವೇರಿಯ ಏಲಕ್ಕಿ ಹಾರವೇ ಆಗಬೇಕು. ಗುಲಾಬಿ ಹಾರ ಸಂಜೆಗೆ ಬಾಡುತ್ತದೆ, ಇದು ಅವರ ಮನೆಯ ಗೋಡೆಯಲ್ಲಿ ವರ್ಷಗಟ್ಟಲೆ ಇರುತ್ತದೆ.

ಮೊದಲು ಕಾಯಿ ನೋಡಿ. ಬಿಳುಪು ಮಾಡಿದ ದಪ್ಪ ಕಾಯಿಗಳನ್ನು ಗಾತ್ರ ನೋಡಿ ಆರಿಸಿ, ನಡುನಡುವೆ ಮಣಿ, ಜರಿ ಸೇರಿಸಿ ಪೋಣಿಸಿರುತ್ತಾರೆ. ಬಾಯಿ ಬಿಟ್ಟ ಕಾಯಿಗಳಿದ್ದರೆ ಬೇಡ ಎನ್ನಿ: ಒಳಗಿನ ಕಾಳು ಉದುರಿ ಸಿಪ್ಪೆ ಚಪ್ಪಟೆಯಾದರೆ ಇಡೀ ಎಳೆ ಸಡಿಲಾಗುತ್ತದೆ. ಎಳೆ ಹೆಚ್ಚಿದಂತೆ ಬೆಲೆಯೂ ಏರುತ್ತದೆ. ಎರಡು-ಮೂರು ಎಳೆ ಧಾರಾಳ ಸಾಕು. ಅದಕ್ಕಿಂತ ದಪ್ಪದ್ದು ಹಾಕಿದರೆ ಫೋಟೋದಲ್ಲಿ ಹಾರವೇ ಕಾಣುತ್ತದೆ, ಮನುಷ್ಯ ಕಾಣುವುದಿಲ್ಲ. ಬಿಳುಪು ಮಾಡಿದ ಕಾಯಿಗೆ ಹಸಿರು ಏಲಕ್ಕಿಯ ಘಮ ಇರದು. ಆಮೇಲೆ ಬಿಚ್ಚಿ ಪಾಯಸಕ್ಕೆ ಹಾಕುವ ಯೋಚನೆ ಬೇಡ.

ರಾಜ್ಯ ಸರ್ಕಾರಿ ನೌಕರರು 60 ತುಂಬಿದ ತಿಂಗಳ ಕೊನೆಯ ದಿನ ನಿವೃತ್ತರಾಗುತ್ತಾರೆ. ಹಾಗಾಗಿ ಬೀಳ್ಕೊಡುಗೆಗಳೆಲ್ಲ ತಿಂಗಳ ಕೊನೆಗೇ ಬೀಳುತ್ತವೆ. ಶಾಲೆಗೆ ಸೇರಿಸುವಾಗ ಮೇಷ್ಟ್ರಿಂದ ಜೂನ್ 1 ಎಂದು ಜನ್ಮದಿನ ಬರೆಸಿಕೊಂಡವರು ಬಹಳ ಮಂದಿ. ತಿಂಗಳ ಮೊದಲ ದಿನ ಹುಟ್ಟಿದವರು ಹಿಂದಿನ ತಿಂಗಳ ಕೊನೆಗೇ ನಿವೃತ್ತರಾಗುವುದರಿಂದ ಅವರೆಲ್ಲರಿಗೂ ಮೇ 31ಕ್ಕೇ ನಿವೃತ್ತಿ. ಹಾರ ಕೈಯಲ್ಲೇ ಪೋಣಿಸುವಂಥದ್ದು, ಅವಸರಕ್ಕೆ ಆಗುವುದಿಲ್ಲ. ಮೇ ತಿಂಗಳಿಗೆ ಬೇಕಿದ್ದರೆ ಏಪ್ರಿಲ್‌ನಲ್ಲೇ ಹೇಳಿಡಿ.

ಸನ್ಮಾನದಲ್ಲಿ ಮೊದಲು ಶಾಲು, ಆಮೇಲೆ ಹಾರ, ಕೊನೆಗೆ ಪೇಟ. ಪೇಟ ಮೊದಲು ತೊಡಿಸಿದರೆ ಹಾರದ ಜರಿ ಅದರ ತುರಾಯಿಗೆ ಸಿಕ್ಕಿಕೊಳ್ಳುತ್ತದೆ. ಬಿಡಿಸುವ ಭರದಲ್ಲಿ ಎಳೆದರೆ ಪೇಟ ಜಾರುತ್ತದೆ, ಸನ್ಮಾನಿತರು ಎಲ್ಲರೆದುರು ಮುಜುಗರಪಡುತ್ತಾರೆ. ಫಲಕಕ್ಕೆ ಹೆಸರು ಕೊಡುವಾಗ ಸೇವಾ ಪುಸ್ತಕ ತೆರೆದು ನೋಡಿ. ಎಲ್ಲರೂ ಮಂಜಣ್ಣ ಎಂದೇ ಕರೆಯುವವರ ಇನಿಷಿಯಲ್ ಅಕೌಂಟ್ಸ್ ಶಾಖೆ ಬಿಟ್ಟರೆ ಯಾರಿಗೂ ಗೊತ್ತಿರುವುದಿಲ್ಲ, ತಪ್ಪಾಗುವುದು ಅಲ್ಲೇ.

ಹಾರವನ್ನು ಪ್ಲಾಸ್ಟಿಕ್ ಚೀಲದಲ್ಲೇ ಬಿಟ್ಟರೆ ಮಳೆಗಾಲದಲ್ಲಿ ತೇವ ಹಿಡಿದು ಬೂಷ್ಟು ಬರುತ್ತದೆ. ಗಾಜಿನ ಚೌಕಟ್ಟು ಹಾಕಿಸಿ, ತೇವವಿಲ್ಲದ ಗೋಡೆಗೆ ತೂಗುಹಾಕಲು ಮನೆಯವರಿಗೆ ಹೇಳಿ ಕಳಿಸಿ.

ಒಂದೆಳೆಯ ಚಿಕ್ಕ ಹಾರವನ್ನೂ ಜೊತೆಗೇ ತರಿಸಿ. ಇಷ್ಟು ವರ್ಷ ಬೆಳಿಗ್ಗೆ ಎಂಟಕ್ಕೆ ಬುತ್ತಿ ಕಟ್ಟಿಕೊಟ್ಟ ಅವರ ಮನೆಯವರಿಗೂ ಪಕ್ಕದಲ್ಲೊಂದು ಕುರ್ಚಿ ಹಾಕಿಸಿ.