ಊರಿಗೆ ಹೋಗಲು ಯಾವ ದಾರಿ: ಮಂಗಳೂರೋ, ಕಣ್ಣೂರೋ, ಬೆಂಗಳೂರೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಮಂಗಳೂರಿಗೆ. ಶಾರ್ಜಾದಿಂದ ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರದ ನಮ್ಮ ಮನೆಗೆ ಮೂರು ದಾರಿಯಲ್ಲೂ ಹೋಗಿ ನೋಡಿದ್ದೇನೆ. ಮಂಗಳೂರಿಗೆ ನೇರ ವಿಮಾನ, ಕಣ್ಣೂರಿಗೆ ನೇರ ವಿಮಾನ, ಅಥವಾ ಬೆಂಗಳೂರಿನಲ್ಲಿ ಇಳಿದು ಮುಂದಕ್ಕೆ. ಕಳೆದ ಸಲ ಮೂರು ಟಿಕೆಟಿಗೆ ಒಟ್ಟು ಹದಿನಾಲ್ಕು ಸಾವಿರ ರೂಪಾಯಿ ಉಳಿಯುತ್ತದೆ ಅಂತ ಬೆಂಗಳೂರು ದಾರಿ ಹಿಡಿದೆ. ಅಲ್ಲಿ ಪಟ್ಟ ಪಾಡು ಇನ್ನೊಬ್ಬರಿಗೆ ಬೇಡ ಅಂತ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಹರಡಿಕೊಂಡಿರುವ ಕುಟುಂಬ. ಅಪ್ಪ ಅಮ್ಮ ಪೆರ್ಲದಲ್ಲಿ. ಗಂಡನ ಮನೆ ಹೊಸದುರ್ಗ, ಅಂದರೆ ಈಗ ರೈಲ್ವೆ ಬೋರ್ಡಿನಲ್ಲಿ ಕಾಣುವ ಕಾಞಂಗಾಡ್. ಅಕ್ಕ ಪುತ್ತೂರಿನಲ್ಲಿ, ಚಿಕ್ಕಮ್ಮ ಮುಳ್ಳೇರಿಯದಲ್ಲಿ, ತಮ್ಮ ಬೆಂಗಳೂರಿನಲ್ಲಿ. ಮಕ್ಕಳ ಶಾಲೆಗೆ ರಜೆ ಸಿಗುವುದು ಜುಲೈ, ಆಗಸ್ಟಿನಲ್ಲಿ. ಊರಲ್ಲಿ ಆಗ ಆಟಿಯ, ಅಂದರೆ ತುಳುವರ ಆಷಾಢದ, ಮಳೆ. ನಾನು ಮಕ್ಕಳಿಬ್ಬರನ್ನು ಕರೆದುಕೊಂಡು ಮುಂಚೆ ಹೋಗುತ್ತೇನೆ, ಗಂಡ ಕೊನೆಯ ಹತ್ತು ದಿನಕ್ಕೆ ಬರುತ್ತಾರೆ. ಹಾಗಾಗಿ ಪೆಟ್ಟಿಗೆ ಎತ್ತುವುದು, ಮಕ್ಕಳನ್ನು ನೋಡುವುದು ಎಲ್ಲ ಒಬ್ಬಳೇ. ನನ್ನ ತೀರ್ಮಾನ ಓದುವಾಗ ಇದು ನೆನಪಿರಲಿ.

ಬೆಂಗಳೂರಿನ ಕಥೆಯೇ ಮೊದಲು. ಯೋಚನೆ ಚೆನ್ನಾಗಿಯೇ ಇತ್ತು. ಬೆಂಗಳೂರಿಗೆ ವಿಮಾನ ಜಾಸ್ತಿ, ದರ ಕಮ್ಮಿ. ತಮ್ಮ ಏರ್‌ಪೋರ್ಟಿಗೇ ಬಂದು ನೋಡಿ ಹೋಗುತ್ತಾನೆ. ಅಲ್ಲಿಂದ ಮಂಗಳೂರಿಗೆ ಒಂದು ಗಂಟೆಯ ವಿಮಾನ. ಎರಡನ್ನೂ ಬೇರೆ ಬೇರೆ ಟಿಕೆಟ್ ಮಾಡಿದರೆ ಇನ್ನೂ ಅಗ್ಗ ಅಂತ ಕಂಡಿತು, ಹಾಗೇ ಮಾಡಿದೆ.

ಎಡವಿದ್ದು ಅಲ್ಲೇ. ಶಾರ್ಜಾದಿಂದ ಹೊರಡುವ ಟಿಕೆಟಿನಲ್ಲಿ ಒಬ್ಬರಿಗೆ 30 ಕಿಲೋ. ಮೂವರಿಗೆ 90. ನಾನು ನಾಲ್ಕು ಪೆಟ್ಟಿಗೆಯಲ್ಲಿ 81 ಕಿಲೋ ತುಂಬಿಸಿದ್ದೆ. ಆದರೆ ದೇಶದ ಒಳಗಿನ ವಿಮಾನದಲ್ಲಿ ಒಬ್ಬರಿಗೆ 15 ಕಿಲೋ ಮಾತ್ರ, ಮೂವರಿಗೆ 45. ಎರಡೂ ಒಂದೇ ಬುಕಿಂಗಿನಲ್ಲಿದ್ದರೆ 30 ಕಿಲೋ ಲೆಕ್ಕವೇ ಮುಂದುವರಿಯುತ್ತದೆ. ಬೇರೆ ಬೇರೆ ಮಾಡಿದರೆ ನೀವು ಹೊರದೇಶದಿಂದ ಬಂದವರು ಅನ್ನುವುದು ಆ ಕೌಂಟರಿಗೆ ಸಂಬಂಧವೇ ಇಲ್ಲ. ಟಿಕೆಟಿನ ಕೆಳಗೆ ಸಣ್ಣ ಅಕ್ಷರದಲ್ಲಿ ಇದೆಲ್ಲ ಬರೆದಿತ್ತು. ನಾನು ದರ ನೋಡಿ ಖುಷಿಯಲ್ಲಿದ್ದೆ, ಅದನ್ನು ಓದಲಿಲ್ಲ.

ಬೆಂಗಳೂರಿನಲ್ಲಿ ಇಳಿದ ಮೇಲೆ ಲಗೇಜ್ ತೆಗೆದು ಕಸ್ಟಮ್ಸ್ ದಾಟಿ ಹೊರಗೆ ಬಂದೆವು. ತಮ್ಮ ಅರ್ಧ ಗಂಟೆ ಜೊತೆಗಿದ್ದು, ಮಕ್ಕಳಿಗೆ ಇಡ್ಲಿ ತಿನ್ನಿಸಿ, ಆಫೀಸಿಗೆ ಹೊರಟ. ನಾವು ಇಳಿದದ್ದು ಟರ್ಮಿನಲ್ 2, ಮಂಗಳೂರು ವಿಮಾನ ಟರ್ಮಿನಲ್ 1. ಎರಡು ಟ್ರಾಲಿ, ಎರಡು ಮಕ್ಕಳು, ಒಂದು ಶಟಲ್ ಬಸ್ಸು. ಅದನ್ನೂ ದಾಟಿ ಕೌಂಟರಿಗೆ ಬಂದರೆ, ಹುಡುಗಿ ತೂಕ ನೋಡಿ 36 ಕಿಲೋ ಹೆಚ್ಚಿಗೆ ಇದೆ ಮೇಡಂ ಅಂದಳು. ಕಿಲೋಗೆ 550 ರೂಪಾಯಿ. ಇಪ್ಪತ್ತು ಸಾವಿರದ ಹತ್ತಿರ.

ಅಲ್ಲೇ ಪಕ್ಕಕ್ಕೆ ಸರಿದು ನೆಲದ ಮೇಲೆ ಕುಳಿತೆ. ಶಾರ್ಜಾದಲ್ಲಿ ಟೇಪ್ ಸುತ್ತಿ, ಹಗ್ಗ ಬಿಗಿದು, ಮಾರ್ಕರಿನಲ್ಲಿ ಹೆಸರು ಬರೆದ ಪೆಟ್ಟಿಗೆ. ಕತ್ತರಿ ಕೈಚೀಲದಲ್ಲಿ ಇಲ್ಲ. ಮನೆ ಬೀಗದ ಕೈಯಿಂದ ಟೇಪ್ ಸೀಳಿದೆ. ಹಾಲಿನ ಪುಡಿ, ಖರ್ಜೂರ, ಅಕ್ಕನ ಮಗಳಿಗೆ ಸ್ಕೂಲ್ ಬ್ಯಾಗು, ಚಿಕ್ಕಮ್ಮನಿಗೆ ಎರಡು ಹೊದಿಕೆ. ಒಂದೊಂದೇ ಹೊರಗೆ ಇಟ್ಟು ಯಾವುದು ಬೇಕು, ಯಾವುದು ಬೇಡ ಅಂತ ನೋಡುವುದು. ಎಲ್ಲವೂ ಯಾರದೋ ಹೆಸರಿನಲ್ಲಿ ತಂದದ್ದು, ಬೇಡ ಅನ್ನುವುದು ಯಾವುದನ್ನು? ಸಣ್ಣವನು ನಿದ್ದೆಗೆ ಅಳಲು ಶುರು ಮಾಡಿದ. ದೊಡ್ಡವಳು ಮಾತಾಡದೆ ಹೊದಿಕೆ ಮಡಚಿ ಕೊಡುತ್ತಿದ್ದಳು.

ತಮ್ಮನಿಗೆ ಫೋನ್ ಮಾಡಿದೆ. ಅವನು ಹೆಬ್ಬಾಳ ತಲುಪಿದ್ದ. ಪಾಪ, ತಿರುಗಿ ಬಂದು ಎರಡು ಪೆಟ್ಟಿಗೆ, 24 ಕಿಲೋ, ತೆಗೆದುಕೊಂಡು ಹೋದ. ಉಳಿದ 12 ಕಿಲೋಗೆ 6,600 ರೂಪಾಯಿ ಕಟ್ಟಿದೆ. ಲೆಕ್ಕಕ್ಕೆ ನೋಡಿದರೆ ಆಗಲೂ ಏಳು ಸಾವಿರ ಉಳಿದೇ ಇತ್ತು. ಆದರೆ ಮನೆಗೆ ಹೋಗಿ ಪೆಟ್ಟಿಗೆ ಬಿಚ್ಚಿದಾಗ ಅಪ್ಪನ ಮೊಣಕಾಲಿಗೆ ಅಂತ ತಂದಿದ್ದ ಬಿಸಿ ಕೊಡುವ ಪಟ್ಟಿ ಕಾಣಲಿಲ್ಲ. ಗಡಿಬಿಡಿಯಲ್ಲಿ ಅದು ಹಾಲಿನ ಪುಡಿಯ ಅಡಿಗೆ ಸೇರಿ ಬೆಂಗಳೂರಿನಲ್ಲೇ ಉಳಿದಿತ್ತು. ಮಳೆಗೆ ಅಪ್ಪನಿಗೆ ನೋವು ಜಾಸ್ತಿ ಅಂತಲೇ ತಂದದ್ದು ಅದು. ಊರಿಗೆ ತಮ್ಮ ಬಂದದ್ದು ಹದಿನೇಳು ದಿನದ ಮೇಲೆ. ಅಷ್ಟು ದಿನವೂ ಅಪ್ಪ ಸಂಜೆಯಾದರೆ ಬಿಸಿನೀರಿನ ಬಾಟಲಿಯನ್ನು ಬೈರಾಸಿನಲ್ಲಿ ಸುತ್ತಿ ಕಾಲಿಗೆ ಇಟ್ಟುಕೊಳ್ಳುತ್ತಿದ್ದರು. ಏನೂ ಹೇಳಲಿಲ್ಲ. ನನಗೆ ನೋಡಲು ಆಗುತ್ತಿರಲಿಲ್ಲ.

ಬೆಂಗಳೂರು ದಾರಿ ಯಾರಿಗೂ ಬೇಡ ಅಂತ ಅಲ್ಲ. ಒಬ್ಬರೇ ಇದ್ದರೆ, ಒಂದೇ ಬ್ಯಾಗಿದ್ದರೆ ರೈಲು ಬಹಳ ಒಳ್ಳೆಯದು. ಮದುವೆಗೆ ಮುಂಚೆ ಒಮ್ಮೆ ಡಿಸೆಂಬರಿನಲ್ಲಿ ಹಾಗೆ ಬಂದಿದ್ದೆ. ರಾತ್ರಿಯ ಕಣ್ಣೂರು ಎಕ್ಸ್‌ಪ್ರೆಸ್ ಹತ್ತಿದರೆ ಬೆಳಗಾಗುವ ಹೊತ್ತಿಗೆ ಕಬಕ ಪುತ್ತೂರು. ಪೆರ್ಲದವರಿಗೆ ಕಾಸರಗೋಡು ಸ್ಟೇಷನ್ನಿನವರೆಗೆ ಹೋಗುವ ಅಗತ್ಯವೇ ಇಲ್ಲ. ಪುತ್ತೂರಿನಲ್ಲಿ ಇಳಿದು ಅಕ್ಕನ ಮನೆಯಲ್ಲಿ ತಿಂಡಿ ತಿಂದು, ಪಾಣಾಜೆ ಮೇಲಿಂದ ಸ್ವರ್ಗ ಅನ್ನುವ ಊರು ದಾಟಿದರೆ ಮನೆ. ಮಳೆಗಾಲದಲ್ಲಿ ಮಾತ್ರ ಇದನ್ನು ನಂಬಲು ಆಗುವುದಿಲ್ಲ. 2024ರ ಜುಲೈ ಕೊನೆಯಲ್ಲಿ ಯಡಕುಮೇರಿ ಮತ್ತು ಕಡಗರವಳ್ಳಿ ನಡುವೆ ಹಳಿಯ ಅಡಿಯ ಮಣ್ಣು ಜರಿದು ಘಾಟಿಯ ರೈಲುಗಳೇ ನಿಂತಿದ್ದವು. ನಮ್ಮ ರಜೆ ಬರುವುದು ಸರಿಯಾಗಿ ಆ ಹೊತ್ತಿಗೇ.

ಈಗ ಕಣ್ಣೂರು. ಮಟ್ಟನ್ನೂರಿನ ಆ ಏರ್‌ಪೋರ್ಟ್ ಶುರುವಾದದ್ದು 2018ರ ಡಿಸೆಂಬರಿನಲ್ಲಿ. ವಿಶಾಲವಾಗಿದೆ, ಜನ ಕಮ್ಮಿ, ಲಗೇಜ್ ಬೇಗ ಬಂತು. ಎರಡು ವರ್ಷದ ಹಿಂದೆ ಗಂಡನ ಮನೆಗೆ ಮೊದಲು ಹೋಗುವುದಿತ್ತು, ಹಾಗಾಗಿ ಅಲ್ಲಿಗೆ ಟಿಕೆಟ್ ಮಾಡಿದೆವು. ಏರ್‌ಪೋರ್ಟಿನ ಬಗ್ಗೆ ನನ್ನ ದೂರು ಒಂದೂ ಇಲ್ಲ.

ದೂರು ಇರುವುದು ದೂರದ್ದೇ. ಅಲ್ಲಿಂದ ಕಾಸರಗೋಡು ಪೇಟೆಗೆ 110 ಕಿಲೋಮೀಟರ್ ಆಸುಪಾಸು, ಪೆರ್ಲಕ್ಕೆ ಮತ್ತೆ 30. ಹೊಸದುರ್ಗದವರೆಗೆ ಬರುವಷ್ಟರಲ್ಲೇ ಸಣ್ಣವನು ಎರಡು ಸಲ ವಾಂತಿ ಮಾಡಿದ. ಹೆದ್ದಾರಿ 66ರ ಆರು ಪಥದ ಕೆಲಸ ನಡೆಯುತ್ತಿತ್ತು, ಅಲ್ಲಲ್ಲಿ ಸರ್ವೀಸ್ ರಸ್ತೆಗೆ ಇಳಿಸುತ್ತಿದ್ದರು, ಮಳೆ ಬಂದರೆ ಕೆಸರು. 2025ರ ಜುಲೈಯಲ್ಲಿ ಚೆರುವತ್ತೂರಿನ ವೀರಮಲ ಗುಡ್ಡ ಹೆದ್ದಾರಿಗೇ ಜರಿದು ಬಿದ್ದಿತ್ತು. ಹೊಸದುರ್ಗ, ನೀಲೇಶ್ವರದ ಕಡೆಯವರಿಗೆ ಕಣ್ಣೂರು ಸರಿ. ಕುಂಬಳೆ, ಬದಿಯಡ್ಕ, ಮಂಜೇಶ್ವರದವರು ಸುಮ್ನೆ ಅಷ್ಟು ದೂರ ಯಾಕೆ ಹೋಗಬೇಕು?

ಕೋಝಿಕ್ಕೋಡ್ ಬಗ್ಗೆ ಒಂದೇ ಮಾತು: ಹೊರದೇಶದ ವಿಮಾನ ಕಂಪೆನಿಗಳು ಅಲ್ಲಿಗೆ ಬರುತ್ತವೆ, ಆದರೆ ನಮಗೆ ಅದು ಇನ್ನೂ ದೂರ.

ಮಂಗಳೂರಿನಲ್ಲಿ ಕೊರತೆ ಇಲ್ಲ ಅಂತ ಅಲ್ಲ. ಗಲ್ಫಿನಿಂದ ಬರುವುದು ನಮ್ಮ ದೇಶದ ಕಂಪೆನಿಗಳ ವಿಮಾನ ಮಾತ್ರ, ಹಾಗಾಗಿ ಆಯ್ಕೆ ಕಮ್ಮಿ. ಜುಲೈ ಮೊದಲ ವಾರದ ದರ ಕೇಳಿದರೆ ಎದೆ ಝಲ್ಲೆನ್ನುತ್ತದೆ. ರನ್‌ವೇ ಇರುವುದು ಗುಡ್ಡದ ತಲೆಯ ಮೇಲೆ. ಆಟಿಯ ಮಳೆಗೆ, ಮೋಡಕ್ಕೆ ಇಳಿಯಲು ಆಗದೆ ವಿಮಾನ ಬೇರೆ ಕಡೆ ಹೋಗುವುದುಂಟು. ನಮಗೂ ಒಮ್ಮೆ ಹಾಗಾಯಿತು. ಬಜಪೆಯ ಮೇಲೆ ಸುತ್ತು ಹಾಕಿ ಹಾಕಿ, ಕೊನೆಗೆ ಕೊಚ್ಚಿಯಲ್ಲಿ ಇಳಿಸಿದರು. ವಿಮಾನದ ಒಳಗೇ ಎರಡು ಗಂಟೆ ಕುಳಿತೆವು. ಮತ್ತೆ ಹಾರಿ ಮಂಗಳೂರಿಗೆ ಬರುವಾಗ ಬೆಳಗಾಗಿತ್ತು. 2010ರ ಮೇ 22ರಂದು ಮಂಗಳೂರಿನಲ್ಲಿ ಇಳಿಯುವಾಗ ಆದ ವಿಮಾನ ಅಪಘಾತದಲ್ಲಿ 158 ಜನ ಹೋದರು, ಅದರಲ್ಲಿ ಕಾಸರಗೋಡಿನವರೂ ಇದ್ದರು. ಅಮ್ಮ ಈಗಲೂ ನಾನು ಇಳಿದೆ ಅಂತ ಫೋನ್ ಮಾಡುವವರೆಗೆ ಮಲಗುವುದಿಲ್ಲ. ಕೊಚ್ಚಿಗೆ ಹೋದ ಆ ರಾತ್ರಿ ದೇವರ ಕೋಣೆಯಲ್ಲೇ ಕುಳಿತಿದ್ದರಂತೆ.

ಆದರೂ ಮಂಗಳೂರೇ ಯಾಕೆ? ಆ ನಾಲ್ಕು ಗಂಟೆ ತಡದಲ್ಲೂ ನಾನು ಒಂದು ಪೆಟ್ಟಿಗೆ ಎತ್ತಲಿಲ್ಲ. ಶಾರ್ಜಾದಲ್ಲಿ ಕೊಟ್ಟದ್ದು ಮಂಗಳೂರಿನಲ್ಲೇ ಕೈಗೆ ಬಂತು. ಹೊರಗೆ ಬಂದರೆ ನಮ್ಮ ಪೆರ್ಲದ ಕಾರು ನಿಂತಿರುತ್ತದೆ. ಡ್ರೈವರ್ ಮಕ್ಕಳನ್ನು ಹುಟ್ಟಿದಾಗಿನಿಂದ ಕಂಡವರು, ಪೆಟ್ಟಿಗೆಗೆ ಕೈ ಹಾಕುವ ಮೊದಲು ಸಣ್ಣವನನ್ನು ಎತ್ತಿಕೊಳ್ಳುತ್ತಾರೆ. ಮನೆಗೆ 60 ಕಿಲೋಮೀಟರ್ ಆಸುಪಾಸು.

ದಾರಿ ಬಗ್ಗೆ ಒಂದು ಮಾತು. ಹೆಚ್ಚಿನವರು ಮಂಗಳೂರು ಪೇಟೆ ದಾಟಿ ತಲಪಾಡಿ ಮೇಲೆ ಹೋಗುತ್ತಾರೆ. ಕುಂಬಳೆ, ಕಾಸರಗೋಡಿಗೆ ಅದೇ ಸರಿ. ಪೆರ್ಲ, ಬದಿಯಡ್ಕ ಕಡೆಯವರು ಬಿ.ಸಿ. ರೋಡ್, ಕಲ್ಲಡ್ಕ, ವಿಟ್ಲ, ಅಡ್ಯನಡ್ಕ, ಸಾರಡ್ಕ ಹಿಡಿಯಿರಿ. ತಲಪಾಡಿಯ ಟೋಲೂ ಇಲ್ಲ, ಸಾಲೂ ಇಲ್ಲ. ಸಾರಡ್ಕ ದಾಟಿ ಅಡ್ಕಸ್ಥಳದ ಸೇತುವೆ ಬಂತೆಂದರೆ ಮಕ್ಕಳು ಅಜ್ಜಿಮನೆ ಬಂತು ಅಂತ ಕೂಗುತ್ತಾರೆ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿ ಗಡಿ ಬಿದ್ದರೂ ನಮ್ಮ ಆಸ್ಪತ್ರೆ, ಕಾಲೇಜು, ಮದುವೆ ಜವಳಿ ಎಲ್ಲ ಮಂಗಳೂರಿನಲ್ಲೇ ತಾನೇ. 2020ರ ಮಾರ್ಚಿನಲ್ಲಿ ಕೊರೋನಾಕ್ಕೆ ಗಡಿ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದಾಗ ಮಂಗಳೂರು ನಮಗೆ ಎಷ್ಟು ಹತ್ತಿರದ್ದು ಅಂತ ಎಲ್ಲರಿಗೂ ಗೊತ್ತಾಯಿತು. ಡಯಾಲಿಸಿಸಿಗೆ ಹೋಗುತ್ತಿದ್ದವರೆಲ್ಲ ಈಚೆಯೇ ಉಳಿದರು. ನಾನು ಶಾರ್ಜಾದಲ್ಲಿ ಕುಳಿತು ಅಪ್ಪನ ಬಿಪಿ ಮಾತ್ರೆ ಎಷ್ಟು ದಿನಕ್ಕಿದೆ ಅಂತ ದಿನಾ ಕೇಳುತ್ತಿದ್ದೆ.

ದುಡ್ಡಿನ ವಿಷಯ. ಮಂಗಳೂರಿನ ಟಿಕೆಟಿಗೆ ಜಾಸ್ತಿ ಕೊಡುವುದು ನಿಜ. ನಾನು ಈಗ ಫೆಬ್ರವರಿಯಲ್ಲೇ ಟಿಕೆಟ್ ಮಾಡುತ್ತೇನೆ, ಶುಕ್ರವಾರ ಬಿಟ್ಟು ವಾರದ ಮಧ್ಯದ ದಿನ ನೋಡುತ್ತೇನೆ. ಅದರಿಂದ ಸ್ವಲ್ಪ ಇಳಿಯುತ್ತದೆ. ಅದಕ್ಕಾಗಿ ತಿಂಗಳು ತಿಂಗಳು ಸ್ವಲ್ಪ ಎತ್ತಿಡುತ್ತೇನೆ. ಕಣ್ಣೂರು ಅಗ್ಗಕ್ಕೆ ಸಿಕ್ಕಿದರೂ 140 ಕಿಲೋಮೀಟರಿನ ಟ್ಯಾಕ್ಸಿ ಬಾಡಿಗೆ ಸೇರಿಸಿ ನೋಡಿ, ವ್ಯತ್ಯಾಸ ಅಷ್ಟೇನೂ ಉಳಿಯುವುದಿಲ್ಲ.

ಅಮೆರಿಕ, ಯುರೋಪಿನಲ್ಲಿ ಇರುವವರಿಗೆ ಮಂಗಳೂರಿಗೆ ನೇರ ವಿಮಾನ ಇಲ್ಲ, ಎಲ್ಲೋ ಬದಲಿಸಲೇಬೇಕು. ಅವರು ಮಂಗಳೂರಿನವರೆಗೆ ಒಂದೇ ಬುಕಿಂಗಿನಲ್ಲಿ ಟಿಕೆಟ್ ಮಾಡಲಿ. ಬೆಂಗಳೂರು ಅಥವಾ ಮುಂಬೈಯಲ್ಲಿ ಕಸ್ಟಮ್ಸಿಗೆ ಲಗೇಜ್ ತೆಗೆಯಬೇಕಾಗಬಹುದು, ಆದರೆ ತೂಕದ ಜಗಳ ಇರುವುದಿಲ್ಲ.

ವಾಪಸು ಹೋಗುವಾಗ ಇನ್ನೊಂದು. ಅಮ್ಮ ಹಲಸಿನ ಹಪ್ಪಳ, ಮಾಂಬಳ, ಉಪ್ಪಿನಕಾಯಿ ಕಟ್ಟಿಕೊಡುವಾಗ ಪಾಯಸಕ್ಕೆ ಅಂತ ಗಸಗಸೆಯನ್ನೂ ಸೇರಿಸುತ್ತಾರೆ. ಅದನ್ನು ತೆಗೆದಿಟ್ಟು ಬನ್ನಿ. ಯುಎಇಯಲ್ಲಿ ಗಸಗಸೆಗೆ ನಿಷೇಧ ಇದೆ, ಸಿಕ್ಕಿಬಿದ್ದರೆ ಸಣ್ಣ ವಿಷಯ ಅಲ್ಲ.

ಈ ಸಲದ ಟಿಕೆಟ್ ಆಗಿದೆ, ಮಂಗಳೂರಿಗೆ ನೇರ. ತಮ್ಮ ಕುಟುಂಬ ಸಮೇತ ಪೆರ್ಲಕ್ಕೇ ಬರುತ್ತಾನೆ, ಅಕ್ಕನೂ ಆ ಭಾನುವಾರ ಬರುತ್ತಾಳೆ. ತೋಟದ ಬದಿಯ ಕೆಸುವು ಎಲೆ ಬಿಟ್ಟಿದೆ, ಪತ್ರೊಡೆಗೆ ಎಲ್ಲರೂ ಒಟ್ಟಿಗೆ ಇರಬೇಕು ಅಂತ ಅಮ್ಮ ಹೇಳಿದ್ದಾರೆ. ಡ್ರೈವರಿಗೂ ಫೋನ್ ಮಾಡಿ ಆಯಿತು, ಕಲ್ಲಡ್ಕ ದಾರಿಯಲ್ಲೇ ಹೋಗೋಣ ಅಂತ.