ಕಣ್ಣಿಗಿಂತ ಕಿವಿ ಚುರುಕಾದ ಕ್ಯಾಮೆರಾ: ಝೂಮ್ ಕ್ಯೂ2ಎನ್-4ಕೆ

ಸಂಗೀತ ಕಾರ್ಯಕ್ರಮಗಳನ್ನು ಸದ್ದಿನೊಡನೆ ಹಿಡಿಯಲು ಬಳಸುವ, ಝೂಮ್ ಎಂಬ ಹೆಸರಿನ ಕಂಪನಿಯ ಈ ಕ್ಯಾಮೆರಾದಲ್ಲಿ ಆಪ್ಟಿಕಲ್ ಝೂಮ್ (ಲೆನ್ಸ್‌ನಿಂದಲೇ ದೂರದ್ದನ್ನು ಹತ್ತಿರ ತರುವುದು) ಇಲ್ಲ. ಕೊಳ್ಳುವ ಮುಂಚೆ ತಿಳಿದಿರಬೇಕಾದ ಮೊದಲ ಸಂಗತಿ ಇದು. ಲೆನ್ಸ್ 150 ಡಿಗ್ರಿ ಅಗಲ, ಫೋಕಸ್ ಸ್ಥಿರ. ಎರಡು ಮೂರು ಮೀಟರ್ ದೂರದಲ್ಲಿ ಇಟ್ಟರೆ ನಾಲ್ಕೈದು ಜನರ ತಂಡ ಪೂರ್ತಿ ಚೌಕಟ್ಟಿಗೆ ಬರುತ್ತದೆ, ಅಂಚಿನಲ್ಲಿ ನಿಂತವರು ಸ್ವಲ್ಪ ಬಾಗಿದಂತೆ ಕಾಣುತ್ತಾರೆ ಅಷ್ಟೆ. ಅದನ್ನೇ ಸಭಾಂಗಣದ ಹಿಂದಿನ ಗೋಡೆಯ ಬಳಿ ಇಟ್ಟರೆ ಹಾಡುವವರು ಬೆಂಕಿಕಡ್ಡಿಯಷ್ಟಾಗುತ್ತಾರೆ. ಮೆನುವಿನಲ್ಲಿ ನೋಟದ ಕೋನವನ್ನು ಕಿರಿದು ಮಾಡಬಹುದು. ಅದು ಚಿತ್ರವನ್ನು ಕತ್ತರಿಸಿ ಹಿಗ್ಗಿಸುವ ಕೆಲಸ, ವಿವರ ಹೆಚ್ಚುವುದಿಲ್ಲ.

ಹತ್ತಿರ ಇಡಲೇಬೇಕಾದ ಈ ಕಟ್ಟುಪಾಡೇ ಧ್ವನಿಗೆ ವರ. ಮೇಲಿನ ಎಕ್ಸ್‌ವೈ ಸ್ಟೀರಿಯೋ ಮೈಕ್‌ಗಳು (ಒಂದಕ್ಕೊಂದು ಓರೆಯಾಗಿ ಕೂರಿಸಿದ ಜೋಡಿ ಮೈಕ್) ಹತ್ತಿರದಿಂದ ವಾದ್ಯದ ನೇರ ಸದ್ದನ್ನು ಹಿಡಿಯುತ್ತವೆ. ದೂರ ಹೋದಷ್ಟೂ ಗೋಡೆಗಳ ಮಾರ್ದನಿ ಮೇಲುಗೈ ಪಡೆದು ಹಾಡಿನ ಸಾಹಿತ್ಯ ಕಲಸಿಹೋಗುತ್ತದೆ. ಇನ್ನೊಂದು ಲೆಕ್ಕವೂ ಇದೆ: ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ. 20 ಮೀಟರ್ ದೂರಕ್ಕೆ 58 ಮಿಲಿಸೆಕೆಂಡ್, ಅಂದರೆ ಸೆಕೆಂಡಿಗೆ 30 ಫ್ರೇಮಿನ ವಿಡಿಯೋದಲ್ಲಿ ಹತ್ತಿರಹತ್ತಿರ ಎರಡು ಫ್ರೇಮ್. ಡ್ರಮ್ ಕೋಲು ಬಿದ್ದ ಮೇಲೆ ಏಟು ಕೇಳಿಸುತ್ತದೆ.

ಸೆಟ್ಟಿಂಗ್ ವಿಷಯದಲ್ಲಿ ಹೆಚ್ಚು ತಲೆಕೆಡಿಸಿಕೊಳ್ಳಬೇಕಿಲ್ಲ. ಡಬ್ಲ್ಯೂಎವಿ (ಕುಗ್ಗಿಸದ ಧ್ವನಿ ಫೈಲ್), 24 ಬಿಟ್, 48 ಕಿಲೋಹರ್ಟ್ಸ್ ಸಾಕು. 96 ಕಿಲೋಹರ್ಟ್ಸ್ ಕಾರ್ಡ್ ತುಂಬಿಸುತ್ತದೆ ಹೊರತು ಕಿವಿಗೆ ಏನೂ ಕೊಡುವುದಿಲ್ಲ. ಆಟೋ ಗೇನ್ (ಸದ್ದಿನ ಮಟ್ಟವನ್ನು ಕ್ಯಾಮೆರಾ ತಾನೇ ಏರಿಳಿಸುವುದು) ಮಾತ್ರ ಆಫ್ ಇರಲೇಬೇಕು. ಇಲ್ಲದಿದ್ದರೆ ಹಾಡು ಮೆತ್ತಗಾದಾಗ ಫ್ಯಾನಿನ ಸದ್ದು ಮೇಲೇಳುತ್ತದೆ, ಡ್ರಮ್ ಶುರುವಾದೊಡನೆ ಎಲ್ಲವೂ ಕುಗ್ಗುತ್ತದೆ. ತಾಲೀಮಿನ ಅತಿ ಜೋರಾದ ಭಾಗ ಮೀಟರಿನಲ್ಲಿ ಮೈನಸ್ 12 ಡೆಸಿಬಲ್ (ಸೊನ್ನೆ ಮೀರಿದರೆ ಸದ್ದು ಒಡೆಯುತ್ತದೆ) ಮುಟ್ಟುವಂತೆ ಗೇನ್ ಇಟ್ಟು, ಮತ್ತೆ ನಾಲ್ಕೈದು ಡೆಸಿಬಲ್ ಇಳಿಸಿ. ಜನರೆದುರು ಎಲ್ಲರೂ ತಾಲೀಮಿಗಿಂತ ಜೋರಾಗಿಯೇ ನುಡಿಸುತ್ತಾರೆ. 24 ಬಿಟ್‌ನಲ್ಲಿ ಕಡಿಮೆ ಮಟ್ಟವನ್ನು ಆಮೇಲೆ ಏರಿಸಬಹುದು, ಒಡೆದ ಸದ್ದಿಗೆ ಮದ್ದಿಲ್ಲ.

ಎಡವುವುದು 3.5 ಎಂಎಂ ಇನ್‌ಪುಟ್‌ನಲ್ಲಿ. ಕಾರ್ಯಕ್ರಮದ ಸೌಂಡ್ ಮಿಕ್ಸರ್‌ನ ಎಕ್ಸ್‌ಎಲ್‌ಆರ್ (ಮೂರು ಪಿನ್ನಿನ ದೊಡ್ಡ ಕನೆಕ್ಟರ್) ಔಟ್‌ಪುಟ್‌ನಿಂದ ನೇರ ಕೇಬಲ್ ಎಳೆದರೆ ಎರಡು ತೊಂದರೆ. ಒಂದು, ಆ ಸಿಗ್ನಲ್ ಈ ಪುಟ್ಟ ಜಾಕ್‌ಗೆ ಅತಿಯಾಗಿ ಬಲವಾದದ್ದು, ನಡುವೆ 20 ಡೆಸಿಬಲ್ ಪ್ಯಾಡ್ (ಸಿಗ್ನಲ್ ತಗ್ಗಿಸುವ ಸಾಧನ) ಬೇಕಾಗಬಹುದು. ಎರಡನೆಯದು ಮೋಸದ್ದು: ಸಾದಾ ಕೇಬಲ್‌ನಲ್ಲಿ ಬ್ಯಾಲೆನ್ಸ್ಡ್ ಸಿಗ್ನಲ್‌ನ (ಒಂದೇ ಸದ್ದನ್ನು ನೇರವಾಗಿಯೂ ತಲೆಕೆಳಗಾಗಿಯೂ ಒಯ್ಯುವ) ಎರಡು ತಂತಿಗಳು ಎಡ-ಬಲ ಚಾನೆಲ್‌ಗಳಾಗಿ, ಒಂದಕ್ಕೊಂದು ತಲೆಕೆಳಗಾಗಿ ಕೂರುತ್ತವೆ. ಹೆಡ್‌ಫೋನಿನಲ್ಲಿ ಏನೋ ಟೊಳ್ಳು ಅನ್ನಿಸುತ್ತದೆ. ಒಂದೇ ಸ್ಪೀಕರಿನ ಫೋನಿನಲ್ಲಿ ಹಾಕಿದರೆ ಎರಡೂ ಕೂಡಿ ಒಂದನ್ನೊಂದು ಅಳಿಸಿ ಗಾಯನವೇ ಮಾಯ. ಮಿಕ್ಸರ್‌ನ ರೆಕಾರ್ಡ್ ಔಟ್‌ನಿಂದ ಸ್ಟೀರಿಯೋ ಕೇಬಲ್ ತೆಗೆದುಕೊಳ್ಳುವುದೇ ಕ್ಷೇಮ.

ಅದಾದರೂ ಬರೀ ಮಿಕ್ಸರ್ ಸದ್ದು ಸಾಲದು. ಚಿಕ್ಕ ಜಾಗಗಳಲ್ಲಿ ಡ್ರಮ್, ಗಿಟಾರ್ ಆಂಪ್ ತಾವಾಗಿಯೇ ಕೇಳುವುದರಿಂದ ಅವುಗಳನ್ನು ಮಿಕ್ಸರ್‌ಗೆ ಕೊಟ್ಟಿರುವುದೇ ಕಡಿಮೆ. ರೆಕಾರ್ಡಿಂಗ್‌ನಲ್ಲಿ ಗಾಯಕ ಬಾವಿಯ ಪಕ್ಕ ಒಂಟಿಯಾಗಿ ಹಾಡಿದಂತಿರುತ್ತದೆ. ಸಭಾಂಗಣದ ಸದ್ದು, ಮಿಕ್ಸರ್ ಸದ್ದು ಎರಡೂ ಬೇರೆ ಬೇರೆ ಟ್ರ್ಯಾಕ್‌ನಲ್ಲಿ ಬೇಕೆಂದರೆ ಇದೇ ಕಂಪನಿಯ ಕ್ಯೂ8ಎನ್-4ಕೆ ನೋಡಿ: ಎರಡು ಎಕ್ಸ್‌ಎಲ್‌ಆರ್ ಕಾಂಬೋ ಜಾಕ್, ನಾಲ್ಕು ಟ್ರ್ಯಾಕ್.

ಚಿತ್ರ? ಬೆಳಕಿದ್ದರೆ ಚೆನ್ನ, ಮಂಕಾದರೆ ಕಾಳುಕಾಳು. ಸೆನ್ಸರ್ ಚಿಕ್ಕದು. ಕಡುನೀಲಿ, ಕಡುಗೆಂಪು ಎಲ್‌ಇಡಿ ಬೆಳಕಿನಲ್ಲಿ ಮುಖಗಳು ಬಣ್ಣದ ತೇಪೆಯಾಗುತ್ತವೆ. ದೀಪದವರಿಗೆ ಹೇಳಿ ಮುಂದಿನಿಂದ ಒಂದಿಷ್ಟು ಬಿಳಿ ಬೆಳಕು ಹಾಕಿಸುವುದು ಯಾವ ಮೆನುವಿಗಿಂತಲೂ ಮೇಲು. ಶಟರ್, ಐರಿಸ್‌ಗಳನ್ನು (ಒಳಬರುವ ಬೆಳಕಿನ ಹತೋಟಿಗಳು) ಕೈಯಾರೆ ಹಿಡಿತದಲ್ಲಿಡಬೇಕು ಎನ್ನುವವರಿಗೆ ಇದಲ್ಲ. ಹಿಂದಿನ ಸಾಲಿನಿಂದಲೇ ಚಿತ್ರೀಕರಿಸಬೇಕಾದವರು ಆಪ್ಟಿಕಲ್ ಝೂಮ್ ಇರುವ ಕ್ಯಾಮ್‌ಕಾರ್ಡರ್, ವೇದಿಕೆಯ ಬಳಿ ಬೇರೆ ರೆಕಾರ್ಡರ್ ಇಡಲಿ. ಆಮೇಲೆ ಚಿತ್ರಕ್ಕೂ ಸದ್ದಿಗೂ ತಾಳೆ ಹಾಕಲು ಚಪ್ಪಾಳೆ ಮಾತ್ರ ಆರಂಭದಲ್ಲೂ ಕೊನೆಯಲ್ಲೂ ತಟ್ಟಿ: ಎರಡು ಯಂತ್ರಗಳ ಗಡಿಯಾರ ಒಂದೇ ಹೆಜ್ಜೆ ಹಾಕುವುದಿಲ್ಲ, ಗಂಟೆ ಕಳೆಯುವಷ್ಟರಲ್ಲಿ ಕೆಲವು ಫ್ರೇಮ್ ಸರಿದಿರುತ್ತವೆ.

ಎರಡು ಎಎ ಬ್ಯಾಟರಿಗಳನ್ನು ನಂಬಿ 4ಕೆಯಲ್ಲಿ ಇಡೀ ಕಾರ್ಯಕ್ರಮ ತೆಗೆಯಲು ಹೋಗಬೇಡಿ. ಯುಎಸ್‌ಬಿಗೆ ಪವರ್ ಬ್ಯಾಂಕ್ ಸಿಕ್ಕಿಸಿ, ಆದರೆ ಮನೆಯಲ್ಲೇ ಒಂದು ಗಂಟೆ ಓಡಿಸಿ ನೋಡಿ. ಕೆಲವು ಪವರ್ ಬ್ಯಾಂಕ್‌ಗಳು ಕಡಿಮೆ ಕರೆಂಟ್ ಎಳೆಯುವ ಸಾಧನ ಕಂಡರೆ ತಾವೇ ಆಫ್ ಆಗುತ್ತವೆ.